ಟಾರ್ಗೆಟ್‌ಗೆ ಬೀಮ್ ಬರುತ್ತಿಲ್ಲ: ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ಪ್ರಯೋಗದ ಹಾಲ್‌ನಿಂದ ಕಂಟ್ರೋಲ್ ರೂಮಿಗೆ ಫೋನ್ ಬರುತ್ತದೆ: "ಸಾರ್, ಬೀಮ್ ಇಲ್ಲ." ಬೀಮ್ ಅಂದರೆ ಆಕ್ಸಿಲರೇಟರ್ (ಕಣಗಳಿಗೆ ವೇಗ ಕೊಡುವ ಯಂತ್ರ) ಟಾರ್ಗೆಟ್ ಎಂಬ ಗುರಿಯ ವಸ್ತುವಿಗೆ ಕಳಿಸುವ ಅಯಾನುಗಳ ಹರಿವು. ಈ ಒಂದು ದೂರಿನ ಹಿಂದೆ ನಾಲ್ಕು ಬೇರೆ ಬೇರೆ ತೊಂದರೆ ಇರಬಹುದು. ಬೀಮ್ ಪೂರ್ತಿ ನಿಂತಿರಬಹುದು. ಇದ್ದೂ ಕಡಿಮೆ ಆಗಿರಬಹುದು. ಬಂದು ಹೋಗಿ ಮಾಡುತ್ತಿರಬಹುದು. ಇಲ್ಲವೇ ಬೀಮ್ ಚೆನ್ನಾಗಿಯೇ ಇದ್ದು, ಅಳೆಯುವ ಮೀಟರ್ ಸುಳ್ಳು ಹೇಳುತ್ತಿರಬಹುದು. ಹಾಗಾಗಿ ಫೋನ್ ಇಡುವ ಮೊದಲೇ ಕೇಳಿಬಿಡಿ: ಮೊದಲು ಎಷ್ಟಿತ್ತು, ಈಗ ಎಷ್ಟಿದೆ? ಒಮ್ಮೆಲೇ ಬಿತ್ತಾ, ನಿಧಾನಕ್ಕೆ ಇಳಿಯಿತಾ? ಇಷ್ಟು ಗೊತ್ತಾದರೆ ಅರ್ಧ ಯಂತ್ರವನ್ನು ಮುಟ್ಟದೇ ಬಿಡಬಹುದು.

ಇಲ್ಲಿ ಉದಾಹರಣೆಗೆ ಇಟ್ಟುಕೊಂಡಿರುವುದು ಟ್ಯಾಂಡಮ್ ಆಕ್ಸಿಲರೇಟರ್. ದಾರಿ ಹೀಗಿದೆ. ಅಯಾನ್ ಸೋರ್ಸ್‌ನಿಂದ ಋಣ ಅಯಾನುಗಳು ಹೊರಡುತ್ತವೆ. ಇಂಜೆಕ್ಟರ್ ಮ್ಯಾಗ್ನೆಟ್ ಬೇಕಾದ ತೂಕದವನ್ನು ಮಾತ್ರ ಬಿಡುತ್ತದೆ. ಟ್ಯಾಂಕಿನ ನಡುವೆ ಇರುವ ಟರ್ಮಿನಲ್‌ಗೆ ಕೆಲವು ದಶಲಕ್ಷ ವೋಲ್ಟ್ ಧನ ವಿದ್ಯುತ್ ಇರುತ್ತದೆ. ಅಯಾನುಗಳು ಅತ್ತ ಓಡುತ್ತವೆ. ಅಲ್ಲಿ ತೆಳು ಕಾರ್ಬನ್ ಹಾಳೆ, ಅಂದರೆ ಸ್ಟ್ರಿಪ್ಪರ್ ಫಾಯಿಲ್, ಅವುಗಳ ಎಲೆಕ್ಟ್ರಾನ್‌ಗಳನ್ನು ಕಿತ್ತುಕೊಳ್ಳುತ್ತದೆ. ಈಗ ಅವು ಧನ ಅಯಾನು. ಅದೇ ವೋಲ್ಟೇಜ್ ಅವನ್ನು ಇನ್ನೊಂದು ಸಲ ಆಚೆ ತಳ್ಳುತ್ತದೆ. ಮುಂದೆ ಬೇಕಾದ ಶಕ್ತಿ, ಚಾರ್ಜ್ ಇರುವವನ್ನು ಮಾತ್ರ ಬಗ್ಗಿಸಿ ಬಿಡುವ ಅನಲೈಸಿಂಗ್ ಮ್ಯಾಗ್ನೆಟ್, ಕಿರಿದಾದ ಸೀಳು ಅಂದರೆ ಸ್ಲಿಟ್, ಲೈನ್ ಆರಿಸುವ ಸ್ವಿಚಿಂಗ್ ಮ್ಯಾಗ್ನೆಟ್. ಅಲ್ಲಿಂದ ಒಂದೊಂದು ಪ್ರಯೋಗದ ಹಾಲ್‌ಗೆ ಒಂದೊಂದು ಬೀಮ್‌ಲೈನ್. ನಿಮ್ಮದು ಸೈಕ್ಲೋಟ್ರಾನೋ ಸಿಂಕ್ರೋಟ್ರಾನೋ ಆಗಿದ್ದರೆ ಭಾಗಗಳ ಹೆಸರು ಬದಲಾಗುತ್ತದೆ, ಹುಡುಕುವ ಕ್ರಮ ಜಾಸ್ತಿ ಬದಲಾಗುವುದಿಲ್ಲ.

ನಾಬ್ ಮುಟ್ಟುವ ಮೊದಲು

ಈಗಿನ ಎಲ್ಲ ಸೆಟ್ಟಿಂಗ್ ಉಳಿಸಿಕೊಳ್ಳಿ. ಬೀಮ್ ಚೆನ್ನಾಗಿದ್ದಾಗಿನ ಸೆಟ್ಟಿಂಗ್ ತೆಗೆದು ಪಕ್ಕಪಕ್ಕ ಇಟ್ಟು ನೋಡಿ. ಹಾಕಿದ ಮೌಲ್ಯವನ್ನಷ್ಟೇ ಅಲ್ಲ, ಉಪಕರಣ ವಾಪಸ್ ಹೇಳುವ ಮೌಲ್ಯವನ್ನೂ ನೋಡಿ. ಒಂದು ಕ್ವಾಡ್ರುಪೋಲ್‌ಗೆ (ಬೀಮನ್ನು ಕೂಡಿಸುವ ಮ್ಯಾಗ್ನೆಟ್) 42 ಆಂಪಿಯರ್ ಹಾಕಿದ್ದೀರಿ, ಅದು ಸೊನ್ನೆ ತೋರಿಸುತ್ತಿದೆ ಅಂದರೆ ಹುಡುಕಾಟ ಅಲ್ಲಿಗೇ ಮುಗಿಯಿತು. ಪವರ್ ಸಪ್ಲೈ ಟ್ರಿಪ್ ಆಗಿದೆ.

ಆಮೇಲೆ ಲಾಗ್ ಬುಕ್. ಕಳೆದ ಶಿಫ್ಟ್‌ನಿಂದ ಈಚೆಗೆ ಏನು ಬದಲಾಗಿದೆ? ಯಾರಾದರೂ ಕೇಬಲ್ ಬಿಚ್ಚಿದರಾ, ಚೇಂಬರ್ ತೆರೆದರಾ, ತಂಪು ನೀರಿನ ಪಂಪ್ ಬದಲಿಸಿದರಾ? ಲಾಗ್ ಆದ ಡೇಟಾವನ್ನು ಹಿಂದಕ್ಕೆ ಓದುವುದು ಬೇಜಾರಿನ ಕೆಲಸ. ಆದರೂ ಅದಕ್ಕಿಂತ ಅಗ್ಗದ ಉಪಕರಣ ಇನ್ನೊಂದಿಲ್ಲ. ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದ ದೊಡ್ಡ ಆಕ್ಸಿಲರೇಟರ್ ಎಲ್‌ಎಚ್‌ಸಿಯಲ್ಲಿ 2008ರ ಸೆಪ್ಟೆಂಬರ್ 19ರಂದು ಎರಡು ಮ್ಯಾಗ್ನೆಟ್‌ಗಳ ನಡುವಿನ ಒಂದು ವಿದ್ಯುತ್ ಜೋಡಣೆ ಕರಗಿ, ಟನ್‌ಗಟ್ಟಲೆ ಹೀಲಿಯಂ ಸುರಂಗಕ್ಕೆ ನುಗ್ಗಿತು. ಆ ಕೆಟ್ಟ ಜೋಡಣೆಯ ರೋಧ ಸುಮಾರು 220 ನ್ಯಾನೋಓಮ್ ಇದ್ದಿರಬೇಕು ಎಂದು ತನಿಖೆಯಲ್ಲಿ ಅಂದಾಜಾಯಿತು. ಹಳೆಯ ದಾಖಲೆಗಳನ್ನು ಮತ್ತೆ ತೆಗೆದು ನೋಡಿದಾಗ, ಕೆಲವು ದಿನ ಮೊದಲೇ ಅದೇ ಜಾಗದಲ್ಲಿ ಉಷ್ಣತೆ ಒಂಚೂರು ಏರಿದ್ದ ಗುರುತು ಸಿಕ್ಕಿತು. ಸುಳಿವು ಡೇಟಾದಲ್ಲೇ ಕೂತಿತ್ತು.

ಮೀಟರ್ ನಿಜ ಹೇಳುತ್ತಿದೆಯಾ?

ಹೆಚ್ಚಿನವರು ಈ ಮೆಟ್ಟಿಲನ್ನು ಹಾರಿಬಿಡುತ್ತಾರೆ. ನನ್ನ ಪ್ರಕಾರ ಶುರು ಮಾಡಬೇಕಾದದ್ದೇ ಇಲ್ಲಿಂದ. ಬೀಮ್ ಅಳೆಯುವುದು ಫ್ಯಾರಡೆ ಕಪ್‌ನಿಂದ. ಅದೊಂದು ಲೋಹದ ಬಟ್ಟಲು. ಬೀಮ್ ಬಂದು ಬಿದ್ದಾಗ ವಿದ್ಯುತ್ ಹರಿಯುತ್ತದೆ, ಅದನ್ನು ಅಳೆಯುತ್ತೇವೆ. ಸುಲಭ ಅನ್ನಿಸುತ್ತದೆ, ಅಲ್ವಾ? ತೊಂದರೆ ಏನೆಂದರೆ, ಅಯಾನು ಬಡಿದ ಕೂಡಲೇ ಲೋಹದಿಂದ ಎಲೆಕ್ಟ್ರಾನ್‌ಗಳೂ ಚಿಮ್ಮುತ್ತವೆ. ಧನ ಅಯಾನು ಒಳಗೆ ಬಂದರೂ ಪ್ಲಸ್, ಎಲೆಕ್ಟ್ರಾನ್ ಹೊರಗೆ ಹೋದರೂ ಪ್ಲಸ್. ಹಾಗಾಗಿ ರೀಡಿಂಗ್ ನಿಜಕ್ಕಿಂತ ಜಾಸ್ತಿ ಬರುತ್ತದೆ. ಇಂಜೆಕ್ಟರ್ ಕಡೆ ಬೀಮೇ ಋಣ, ಅಲ್ಲಿ ಇದೇ ಎಲೆಕ್ಟ್ರಾನ್‌ಗಳು ರೀಡಿಂಗನ್ನು ಕಡಿಮೆ ಮಾಡುತ್ತವೆ. ಒಂದೇ ದೋಷ, ಯಂತ್ರದ ಎರಡು ತುದಿಯಲ್ಲಿ ಎರಡು ಉಲ್ಟಾ ಪರಿಣಾಮ.

ಇದನ್ನು ತಡೆಯಲು ಕಪ್‌ನ ಬಾಯಲ್ಲಿ ಒಂದು ಬಳೆ ಇರುತ್ತದೆ. ಅದಕ್ಕೆ ನೂರು, ಇನ್ನೂರು, ಮುನ್ನೂರು ವೋಲ್ಟ್ ಋಣ ಒತ್ತಡ ಕೊಟ್ಟು ಎಲೆಕ್ಟ್ರಾನ್‌ಗಳನ್ನು ಒಳಗೇ ತಳ್ಳುತ್ತಾರೆ. ಇದೇ ಸಪ್ರೆಸರ್. ಪರೀಕ್ಷೆ ಹೀಗೆ: ಬೀಮ್ ಕಪ್ ಮೇಲೆ ಇರುವಾಗ ಸಪ್ರೆಸರ್ ವೋಲ್ಟೇಜನ್ನು ಸೊನ್ನೆಯಿಂದ ನಿಧಾನವಾಗಿ ಏರಿಸಿ. ಧನ ಬೀಮ್ ಆದರೆ ರೀಡಿಂಗ್ ಇಳಿಯುತ್ತಾ ಹೋಗಿ ಒಂದು ಕಡೆ ನಿಲ್ಲಬೇಕು. ಇಳಿಯದೇ ಇದ್ದರೆ ಬಳೆಗೆ ವೋಲ್ಟೇಜ್ ತಲುಪುತ್ತಿಲ್ಲ. ಎಷ್ಟೋ ಸಲ "ಬೀಮ್ ಅರ್ಧಕ್ಕೆ ಇಳಿಯಿತು" ಎಂಬ ದೂರು ಬರುವುದು, ಮೊದಲು ಕೆಟ್ಟಿದ್ದ ಸಪ್ರೆಸರ್ ರಿಪೇರಿ ಆದ ಮೇಲೆ! ಹಿಂದಿನ ಜಾಸ್ತಿ ರೀಡಿಂಗೇ ಸುಳ್ಳು.

ಕೇಬಲ್ ಮತ್ತು ಮೀಟರ್ ಮೇಲೆ ಅನುಮಾನ ಇದ್ದರೆ ಬೀಮ್ ಬೇಕಾಗಿಯೇ ಇಲ್ಲ. ಹಾಲ್‌ಗೆ ಒಳಹೋಗುವ ಅನುಮತಿ ಸಿಕ್ಕ ಮೇಲೆ, ಕಪ್‌ನ ತುದಿಯಲ್ಲಿ ಕೇಬಲ್ ಬಿಚ್ಚಿ. 9 ವೋಲ್ಟ್ ಬ್ಯಾಟರಿಗೆ 10 ಮೆಗಾಓಮ್ ರೆಸಿಸ್ಟರ್ ಸೇರಿಸಿ ಅಲ್ಲಿ ಕೊಡಿ. ಕಂಟ್ರೋಲ್ ರೂಮಿನಲ್ಲಿ 900 ನ್ಯಾನೋಆಂಪಿಯರ್ ಬರಬೇಕು. ಬಂದರೆ ಕೇಬಲ್, ಕನೆಕ್ಟರ್, ಮೀಟರ್, ಸಾಫ್ಟ್‌ವೇರ್ ಎಲ್ಲ ಒಂದೇ ಏಟಿಗೆ ಪಾಸ್. 90 ಬಂದರೆ ಯಾರೋ ಮೀಟರಿನ ರೇಂಜ್ ಬದಲಿಸಿ ಸಾಫ್ಟ್‌ವೇರ್‌ಗೆ ಹೇಳಿಲ್ಲ. ಇನ್ನೊಂದು ವಿಷಯ: ನೀರಿನಿಂದ ತಂಪಾಗುವ ಕಪ್‌ಗಳಲ್ಲಿ ನೀರು ಕೆಟ್ಟರೆ ಅದರ ಮೂಲಕವೇ ವಿದ್ಯುತ್ ಸೋರುತ್ತದೆ. ಬೀಮ್ ಇಲ್ಲದಾಗಲೂ ರೀಡಿಂಗ್ ಸೊನ್ನೆಗೆ ಬರದಿದ್ದರೆ ನೀರಿನ ವಾಹಕತೆ ನೋಡಿಸಿ.

ಲೆಕ್ಕದ ಗೊಂದಲವೂ ಇದೆ. ಇಂಜೆಕ್ಟರ್ ಕಪ್‌ನಲ್ಲಿ ಆಕ್ಸಿಜನ್ 100 ನ್ಯಾನೋಆಂಪಿಯರ್ ಇದೆ ಎಂದುಕೊಳ್ಳಿ. ಫಾಯಿಲ್ ದಾಟಿದವುಗಳಲ್ಲಿ 40% ಅಯಾನುಗಳು 6 ಪ್ಲಸ್ ಚಾರ್ಜ್ ಪಡೆದು ಮುಂದಿನ ಕಪ್‌ಗೆ ಬಂದರೆ ಅಲ್ಲಿ ಕಾಣುವುದು 240. ಬೀಮ್ ಹೆಚ್ಚಾಗಿಲ್ಲ, ಪ್ರತಿ ಅಯಾನೂ ಆರು ಪಟ್ಟು ವಿದ್ಯುತ್ ತಂದಿದೆ ಅಷ್ಟೇ. ಚಾರ್ಜ್‌ನಿಂದ ಭಾಗಿಸಿ ಹೋಲಿಸದಿದ್ದರೆ ಎಲ್ಲಿ ಎಷ್ಟು ಕಳೆಯಿತು ಎಂದು ತಿಳಿಯುವುದೇ ಇಲ್ಲ. ನಿನ್ನೆ 6 ಪ್ಲಸ್, ಇವತ್ತು 5 ಪ್ಲಸ್ ಕೊಟ್ಟು "ಕಡಿಮೆ ಆಯಿತು" ಎಂದು ಕೊರಗಿದರೂ ಅಷ್ಟೇ.

ಕಪ್‌ನಿಂದ ಕಪ್‌ಗೆ

ಮೀಟರ್ ಸರಿ ಇದೆ ಎಂದಾದ ಮೇಲೆ ಯಂತ್ರವನ್ನು ನಡುವೆ ಕತ್ತರಿಸಿ ನೋಡಿ. ಅನಲೈಸಿಂಗ್ ಮ್ಯಾಗ್ನೆಟ್ ದಾಟಿದ ಕೂಡಲೇ ಬರುವ ಕಪ್ ಇಳಿಸಿ. ಅಲ್ಲಿ ಮಾಮೂಲಿನಷ್ಟು ಬೀಮ್ ಇದ್ದರೆ ಸೋರ್ಸ್, ಟರ್ಮಿನಲ್, ಫಾಯಿಲ್ ಎಲ್ಲ ಆರೋಪಮುಕ್ತ. ತಪ್ಪು ಮುಂದಿನ ಲೈನಿನಲ್ಲಿದೆ. ಅಲ್ಲೇ ಇಲ್ಲವಾದರೆ ಹಾಲ್ ಕಡೆ ಹೋಗಲೇಬೇಡಿ, ಇಂಜೆಕ್ಟರ್ ಕಪ್ ನೋಡಿ. ಬೀಮ್ ಸರಿ ಇರುವ ಕೊನೆಯ ಜಾಗ ಮತ್ತು ಕೆಟ್ಟಿರುವ ಮೊದಲ ಜಾಗ, ಈ ಎರಡರ ನಡುವೆ ಏನೇನಿದೆಯೋ ಅಷ್ಟೇ ನಿಮ್ಮ ಪಟ್ಟಿ. ಈ ಎರಡು ಜಾಗ ಗೊತ್ತಾಗುವವರೆಗೆ ಟ್ಯೂನಿಂಗ್ ಬೇಡ. ಸುಮ್ನೆ ನಾಬ್ ತಿರುಗಿಸುತ್ತಾ ಕೂತರೆ ಒಂದು ದೋಷ ಎರಡಾಗುತ್ತದೆ.

ದೊಡ್ಡ ಯಂತ್ರಗಳಲ್ಲೂ ಇದೇ ದಾರಿ. ಎಲ್‌ಎಚ್‌ಸಿ ಈಗಿರುವ ಸುಮಾರು 27 ಕಿಲೋಮೀಟರ್ ಸುರಂಗದಲ್ಲಿ ಮೊದಲು ಲೆಪ್ ಎಂಬ ಯಂತ್ರ ಇತ್ತು. 1996ರಲ್ಲಿ ದುರಸ್ತಿ ಬಿಡುವಿನ ನಂತರ ಅದರಲ್ಲಿ ಬೀಮ್ ಸುತ್ತಲೇ ಇಲ್ಲ. ಎಲ್ಲಿಯವರೆಗೆ ಹೋಗಿ ನಿಲ್ಲುತ್ತಿದೆ ಎಂದು ಅಳೆದು, ಅದೇ ಜಾಗದಲ್ಲಿ ನಿರ್ವಾತದ ಪೈಪ್ ಬಿಚ್ಚಿದರು. ಒಳಗೆ ಎರಡು ಖಾಲಿ ಬಿಯರ್ ಬಾಟಲಿ! ಯಾವ ಕಂಪ್ಯೂಟರ್ ಮಾದರಿಯೂ ಇದನ್ನು ಊಹಿಸುತ್ತಿರಲಿಲ್ಲ. ಜಾಗ ಗೊತ್ತಾಗಿದ್ದಕ್ಕೆ ಸಿಕ್ಕಿತು.

ಕಪ್ ಇಲ್ಲದ ಕಡೆ ಬೀಮ್ ಎಲ್ಲಿ ಬಡಿಯುತ್ತಿದೆ ಎಂದು ವಿಕಿರಣ ಮಾನಿಟರ್ ಹೇಳಬಹುದು. ಯಾವುದೋ ಮೂಲೆಯಲ್ಲಿ ನ್ಯೂಟ್ರಾನ್ ಎಣಿಕೆ ಏರಿದೆ ಅಂದರೆ ಬೀಮ್ ಅಲ್ಲಿ ಗೋಡೆಗೆ ತಾಗುತ್ತಿದೆ. ಆದರೆ ಉಲ್ಟಾ ತೀರ್ಮಾನ ಬೇಡ. ಭಾರದ ಅಯಾನು ಕಡಿಮೆ ಶಕ್ತಿಯಲ್ಲಿದ್ದರೆ ಪೂರ್ತಿ ಬೀಮ್ ಗೋಡೆಗೆ ಬಡಿದರೂ ಮಾನಿಟರ್ ಸುಮ್ಮನಿರುತ್ತದೆ.

ಸೋರ್ಸ್

ಕ್ಯಾಥೋಡ್ ಎಂಬ ತುಂಡಿಗೆ ಸೀಸಿಯಂ ಬಡಿಸಿ ಅಯಾನು ಕೀಳುವ ಸೀಸಿಯಂ ಸ್ಪಟರ್ ಸೋರ್ಸ್‌ಗಳಲ್ಲಿ ನಿಧಾನಕ್ಕೆ ಇಳಿಯುವ ಬೀಮ್‌ಗೆ ಸಾಮಾನ್ಯ ಕಾರಣ ಕ್ಯಾಥೋಡ್ ಸವೆದಿರುವುದು. ನಡುವೆ ಗುಂಡಿ ಬಿದ್ದಿರುತ್ತದೆ, ಬದಲಿಸಿ. ಸೀಸಿಯಂ ಓವನ್ ತಣ್ಣಗಾದರೂ ಇಳಿಯುತ್ತದೆ. ಬಿಸಿ ಜಾಸ್ತಿ ಮಾಡಿದರೆ ಸೀಸಿಯಂ ಇನ್ಸುಲೇಟರ್‌ಗಳ ಮೇಲೆ ಕೂತು ಕಿಡಿ ಹಾರುತ್ತದೆ. ಹೊಸಬರಿಗೆ ಒಂದು ಮಾತು: ಸೋರ್ಸ್‌ನಿಂದ ನೈಟ್ರೋಜನ್ ಬರುತ್ತಿಲ್ಲ ಅಂದರೆ ಅದು ದೋಷ ಅಲ್ಲ. ನೈಟ್ರೋಜನ್‌ಗೆ ಸ್ಥಿರವಾದ ಋಣ ಅಯಾನೇ ಇಲ್ಲ. ಅದನ್ನು ಕಾರ್ಬನ್ ಜೊತೆ ಸೇರಿಸಿ ಸಯನೈಡ್ ಅಯಾನಾಗಿ ಕಳಿಸಬೇಕು.

ಟರ್ಮಿನಲ್, ಫಾಯಿಲ್ ಮತ್ತು ಮೂರು ಶಿಖರಗಳ ಪರೀಕ್ಷೆ

ಇಂಜೆಕ್ಟರ್ ಕಪ್‌ನಲ್ಲಿ ಬೀಮ್ ಇದೆ, ಅನಲೈಸಿಂಗ್ ಮ್ಯಾಗ್ನೆಟ್ ಆಚೆ ಇಲ್ಲ. ನಡುವೆ ಇರುವುದೆಲ್ಲ ಒತ್ತಡದ ಟ್ಯಾಂಕಿನ ಒಳಗೆ, ಇನ್ಸುಲೇಟಿಂಗ್ ಗ್ಯಾಸ್ ತುಂಬಿದ ಜಾಗದಲ್ಲಿ. ಸುಮ್ನೆ ತೆರೆದು ನೋಡುವ ಹಾಗಿಲ್ಲ. ಗ್ಯಾಸ್ ತೆಗೆದು, ತೆರೆದು, ಮತ್ತೆ ತುಂಬುವಷ್ಟರಲ್ಲಿ ಪ್ರಯೋಗದವರ ಬೀಮ್ ಟೈಮ್ ಮುಗಿದೇ ಹೋಗುತ್ತದೆ. ಹೊರಗಿನಿಂದಲೇ ಪತ್ತೆ ಮಾಡಬೇಕು.

ಫಾಯಿಲ್ ತೀರಾ ತೆಳು. ಒಂದು ಚದರ ಸೆಂಟಿಮೀಟರ್‌ಗೆ 5 ಮೈಕ್ರೋಗ್ರಾಂ ಕಾರ್ಬನ್ ಅಂದರೆ ದಪ್ಪ ಬರೀ 25 ನ್ಯಾನೋಮೀಟರ್ ಆಸುಪಾಸು. ಬೀಮ್ ತಿಂದ ಹಾಗೆ ಅದು ದಪ್ಪವಾಗುತ್ತದೆ, ಸುಕ್ಕಾಗುತ್ತದೆ, ಕೊನೆಗೆ ಹರಿಯುತ್ತದೆ. ದಪ್ಪವಾದರೆ ಅಯಾನುಗಳು ಅಡ್ಡಾದಿಡ್ಡಿ ಚದುರಿ ಬೀಮ್ ಗಂಟೆಗಟ್ಟಲೆ ನಿಧಾನಕ್ಕೆ ಇಳಿಯುತ್ತದೆ. ಅರ್ಧ ಹರಿದರೆ ಓಲಾಡುತ್ತದೆ. ಪೂರ್ತಿ ಹೋದರೆ ಒಮ್ಮೆಲೇ ಸೊನ್ನೆ: ಎಲೆಕ್ಟ್ರಾನ್ ಕಳೆಯದ ಋಣ ಅಯಾನು ಟರ್ಮಿನಲ್ ದಾಟಿದರೂ, ಹತ್ತುವಾಗ ಪಡೆದ ಶಕ್ತಿಯನ್ನು ಇಳಿಯುವಾಗ ಅಷ್ಟೂ ವಾಪಸ್ ಕೊಟ್ಟುಬಿಡುತ್ತದೆ. ಮುಂದಿನ ಫಾಯಿಲ್‌ಗೆ ಸರಿಸಿ ನೋಡಿ. ಬೀಮ್ ಬಂದರೆ ಮುಗಿಯಿತು. ಬರದಿದ್ದರೆ ಇನ್ನೊಂದಕ್ಕೆ ಸರಿಸಿ, ಯಾಕೆಂದರೆ ಎಣಿಕೆ ಮುಂದೆ ಹೋಗಿ ಫಾಯಿಲ್‌ಗಳ ಚೈನ್ ಮಾತ್ರ ಅಲ್ಲೇ ಸಿಕ್ಕಿಕೊಂಡಿರುವುದೂ ಉಂಟು.

ಫಾಯಿಲ್ ಅಲ್ಲ ಅಂದರೆ ವೋಲ್ಟೇಜ್. ಟರ್ಮಿನಲ್ ವೋಲ್ಟೇಜನ್ನು ಜನರೇಟಿಂಗ್ ವೋಲ್ಟ್‌ಮೀಟರ್ ಹೇಳುತ್ತದೆ. ಅದು ತಪ್ಪು ಹೇಳಿದರೆ? ಆಗ ಮ್ಯಾಗ್ನೆಟನ್ನೇ ಸಾಕ್ಷಿ ಕೇಳಿ. ಫಾಯಿಲ್ ದಾಟಿದ ಆಕ್ಸಿಜನ್ ಒಂದೇ ಚಾರ್ಜ್‌ನಲ್ಲಿ ಬರುವುದಿಲ್ಲ. 5, 6, 7 ಪ್ಲಸ್ ಎಲ್ಲ ಕಲೆತು ಬರುತ್ತವೆ. ಟರ್ಮಿನಲ್ 10 ಮೆಗಾವೋಲ್ಟ್ ಇದ್ದರೆ 6 ಪ್ಲಸ್ ಅಯಾನಿನ ಶಕ್ತಿ ಹತ್ತುವಾಗ 10, ಇಳಿಯುವಾಗ 60, ಒಟ್ಟು 70 ಮೆಗಾ ಎಲೆಕ್ಟ್ರಾನ್‌ವೋಲ್ಟ್. ಅದನ್ನು ಬಗ್ಗಿಸಲು ಬೇಕಾದ ಕಾಂತಕ್ಷೇತ್ರ, ಶಕ್ತಿಯ ವರ್ಗಮೂಲವನ್ನು ಚಾರ್ಜ್‌ನಿಂದ ಭಾಗಿಸಿದಷ್ಟಕ್ಕೆ ಅನುಪಾತದಲ್ಲಿರುತ್ತದೆ. ಲೆಕ್ಕ ಹಾಕಿದರೆ 5 ಪ್ಲಸ್‌ಗೆ 6 ಪ್ಲಸ್‌ಗಿಂತ 11% ಜಾಸ್ತಿ ಕ್ಷೇತ್ರ ಬೇಕು. 7 ಪ್ಲಸ್‌ಗೆ 8% ಕಡಿಮೆ ಸಾಕು.

ಮಾಮೂಲಾಗಿ ಸ್ಲಿಟ್‌ಗೆ ಬಡಿಯುವ ಬೀಮ್ ನೋಡಿಯೇ ಟರ್ಮಿನಲ್ ವೋಲ್ಟೇಜನ್ನು ಹಿಡಿದಿಡುತ್ತಾರೆ. ಈಗ ವೋಲ್ಟೇಜ್ ನಿಯಂತ್ರಣವನ್ನು ಸ್ಲಿಟ್‌ನಿಂದ ವೋಲ್ಟ್‌ಮೀಟರ್‌ಗೆ ಬದಲಿಸಿ, ಮ್ಯಾಗ್ನೆಟ್ ಕ್ಷೇತ್ರವನ್ನು ನಿಧಾನವಾಗಿ ಒಂದೇ ದಿಕ್ಕಿನಲ್ಲಿ ಸರಿಸುತ್ತಾ ಕಪ್ ನೋಡಿ. 1.11, 1, 0.92 ಅನುಪಾತದಲ್ಲಿ ಮೂರು ಶಿಖರ (ರೀಡಿಂಗ್ ಏರಿ ಇಳಿಯುವ ಜಾಗ) ಸಿಕ್ಕರೆ ಒಳಗೆ ಎಲ್ಲ ಆರೋಗ್ಯ: ಬೀಮ್ ಇದೆ, ಫಾಯಿಲ್ ಇದೆ. ಈ ಅನುಪಾತಕ್ಕೆ ವೋಲ್ಟೇಜ್ ಎಷ್ಟು ಎಂಬುದು ಮುಖ್ಯವಲ್ಲ, ಅದೇ ಇದರ ಸೊಗಸು. ಇಂಜೆಕ್ಟರ್ ಕೊಡುವ ಸಣ್ಣ ಶಕ್ತಿಯಿಂದ ಅನುಪಾತ ಒಂಚೂರು ಸರಿಯಬಹುದು, ತಲೆ ಕೆಡಿಸಿಕೊಳ್ಳಬೇಡಿ. ಮೂರೂ ಶಿಖರ ನಿಮ್ಮ ಹಳೆಯ ಕೋಷ್ಟಕಕ್ಕಿಂತ 2% ಕೆಳಗಿವೆ ಎಂದುಕೊಳ್ಳಿ. ಆಗ ನಿಜವಾದ ವೋಲ್ಟೇಜ್ ಸುಮಾರು 4% ಕಡಿಮೆ ಇದೆ, ವೋಲ್ಟ್‌ಮೀಟರ್ ಜಾಸ್ತಿ ಹೇಳುತ್ತಿದೆ. ಅಥವಾ ಕ್ಷೇತ್ರ ಅಳೆಯುವ ಪ್ರೋಬ್ ಜಾಗ ಬಿಟ್ಟಿದೆ. ಯಾವುದು ಎಂದು ಪ್ರೋಬ್ ಕಡೆಯಿಂದ ಶುರು ಮಾಡಿ ನೋಡಿ, ಅದು ಟ್ಯಾಂಕಿನ ಹೊರಗಿದೆ.

ಶಿಖರ ಸಿಕ್ಕಿತು, ಆದರೆ ಬೇರೆ ಜಾಗದಲ್ಲಿ ಅಂದರೆ ಇಂಜೆಕ್ಟರ್ ತಪ್ಪು ಸಾಮಾನು ಕಳಿಸುತ್ತಿರಬಹುದು. ಆಕ್ಸಿಜನ್-17 ಬೇಕೆಂದು ಇಂಜೆಕ್ಟರನ್ನು 17ಕ್ಕೆ ಇಟ್ಟರೆ, ಆಕ್ಸಿಜನ್-16ಕ್ಕೆ ಹೈಡ್ರೋಜನ್ ಅಂಟಿಕೊಂಡ ಅಯಾನೂ ಅದೇ 17ರಲ್ಲಿ ಬರುತ್ತದೆ. ಸಹಜ ಆಕ್ಸಿಜನ್‌ನಲ್ಲಿ 17ರ ಪಾಲು ಬರೀ 0.04%, ಹಾಗಾಗಿ ಕಪ್‌ನಲ್ಲಿ ಕಾಣುವುದು ಬಹುಪಾಲು ಈ ಜೋಡಿಯೇ. ಫಾಯಿಲ್‌ನಲ್ಲಿ ಜೋಡಿ ಒಡೆದು ಬರೀ 16 ಮುಂದೆ ಬರುತ್ತದೆ, ನಿಮಗೆ ಬೇಕಾದ ಶಿಖರಕ್ಕಿಂತ ಮೂರೂವರೆ ಪ್ರತಿಶತ ಕೆಳಗೆ ಕೂರುತ್ತದೆ.

ಹಾಲ್‌ಗೆ ಹೋಗುವ ಲೈನ್

ಅನಲೈಸಿಂಗ್ ಮ್ಯಾಗ್ನೆಟ್ ಆಚೆ ಬೀಮ್ ಚೆನ್ನಾಗಿದೆ, ಟಾರ್ಗೆಟ್‌ನಲ್ಲಿ ಇಲ್ಲ. ಮೊದಲು ನಾಚಿಕೆ ಬಿಟ್ಟು ಮುಚ್ಚಿರುವ ವಾಲ್ವ್ ಇದೆಯಾ, ಯಾವುದಾದರೂ ಕಪ್ ಕೆಳಗೇ ಉಳಿದಿದೆಯಾ ನೋಡಿ. ಆಮೇಲೆ ಸ್ವಿಚಿಂಗ್ ಮ್ಯಾಗ್ನೆಟ್. ಬೇರೆ ಲೈನಿನಿಂದ ನಿಮ್ಮ ಲೈನಿಗೆ ಈಗಷ್ಟೇ ಬದಲಿಸಿದ್ದರೆ, ಕಬ್ಬಿಣದಲ್ಲಿ ಹಳೆಯ ಕಾಂತತೆ ಉಳಿದಿರುತ್ತದೆ. ಕರೆಂಟ್ ಅಷ್ಟೇ ಹಾಕಿದರೂ ಕ್ಷೇತ್ರ ಅಷ್ಟೇ ಬರುವುದಿಲ್ಲ. ಪೂರ್ತಿ ಮೇಲಕ್ಕೆ ಒಯ್ದು, ಸೊನ್ನೆಗೆ ತಂದು, ಯಾವಾಗಲೂ ಒಂದೇ ಕಡೆಯಿಂದ ಏರಿಸಿ ನಿಲ್ಲಿಸಿ.

ಕ್ವಾಡ್ರುಪೋಲ್ ಪರೀಕ್ಷೆ ನನಗೆ ಅಚ್ಚುಮೆಚ್ಚು. ಟಾರ್ಗೆಟ್ ಜಾಗದಲ್ಲಿ ಕ್ವಾರ್ಟ್ಜ್ ತುಂಡು ಇಟ್ಟು ಕ್ಯಾಮೆರಾದಲ್ಲಿ ಹೊಳೆಯುವ ಚುಕ್ಕೆ ನೋಡಿ. ಬೀಮ್ ಕ್ವಾಡ್ರುಪೋಲ್‌ನ ಸರಿ ನಡುವೆ ಹೋಗುತ್ತಿದ್ದರೆ, ಕರೆಂಟ್ ಏರಿಸಿದಾಗ ಇಳಿಸಿದಾಗ ಚುಕ್ಕೆ ಇದ್ದಲ್ಲೇ ಹಿಗ್ಗಿ ಕುಗ್ಗುತ್ತದೆ. ಪಕ್ಕಕ್ಕೆ ಜಾರಿದರೆ ಬೀಮ್ ನಡುವೆ ಇಲ್ಲ. ಅದರ ಹಿಂದಿನ, ಬೀಮನ್ನು ಪಕ್ಕಕ್ಕೆ ತಿರುಗಿಸುವ ಸ್ಟೀರರ್ ಸರಿ ಮಾಡಿ, ಜಾರಾಟ ನಿಲ್ಲುವವರೆಗೆ. ಇದನ್ನು ಬಿಟ್ಟು ಕಪ್ ರೀಡಿಂಗ್ ಒಂದನ್ನೇ ನೋಡಿ ಟ್ಯೂನ್ ಮಾಡಿದರೆ, ಎರಡು ತಪ್ಪು ಒಂದನ್ನೊಂದು ಸರಿದೂಗಿಸಿ ಬೀಮ್ ಬಂದಂತೆ ಕಾಣುತ್ತದೆ, ಮರುದಿನ ಮತ್ತೆ ಕೈಕೊಡುತ್ತದೆ. ಚುಕ್ಕೆ ಏನು ಮಾಡಿದರೂ ಗೆರೆಯಾಗೇ ಉಳಿಯುತ್ತದಾ? ದುರಸ್ತಿ ನಂತರ ಒಂದು ಕ್ವಾಡ್ರುಪೋಲ್‌ನ ಎರಡು ತಂತಿ ಅದಲುಬದಲಾಗಿರಬಹುದು. ಒಂದು ದಿಕ್ಕಿನಲ್ಲಿ ಕೂಡಿಸಬೇಕಾದದ್ದು ಚದುರಿಸುತ್ತಿದೆ.

ಬಂದು ಹೋಗುವ ಬೀಮ್

ಇದು ಎಲ್ಲಕ್ಕಿಂತ ಕಿರಿಕಿರಿ. ಕಪ್‌ನ ಸಿಗ್ನಲನ್ನು ಆಸಿಲೋಸ್ಕೋಪ್‌ಗೆ ಕೊಟ್ಟು, ಟ್ರಿಗರ್ ಅನ್ನು ಮೇನ್ಸ್ ವಿದ್ಯುತ್‌ಗೆ ಇಡಿ. ಅಲೆ ಪರದೆಯಲ್ಲಿ ನಿಂತರೆ ತೊಂದರೆ ಕರೆಂಟಿನಿಂದಲೇ ಬರುತ್ತಿದೆ: ಯಾವುದೋ ಪವರ್ ಸಪ್ಲೈನ ಫಿಲ್ಟರ್ ಸೋತಿದೆ, ಇಲ್ಲವೇ ಅರ್ಥಿಂಗ್ ಎರಡು ಕಡೆ ಆಗಿದೆ. ಅಲೆ ಓಡುತ್ತಿದ್ದರೆ ಟರ್ಮಿನಲ್‌ಗೆ ವಿದ್ಯುತ್ ಒಯ್ಯುವ ಚಾರ್ಜಿಂಗ್ ಚೈನ್ ಅಥವಾ ಪಂಪಿನ ಕಂಪನ ಹುಡುಕಿ.

ಗಂಟೆಗಳ ಲೆಕ್ಕದಲ್ಲಿ ಏರಿಳಿದರೆ ಉಷ್ಣತೆ, ತಂಪು ನೀರು, ಎಸಿ ಇವುಗಳ ಗ್ರಾಫನ್ನು ಬೀಮ್ ಗ್ರಾಫ್ ಪಕ್ಕ ಇಡಿ. ಹೊರಗಿನ ಕಾರಣವನ್ನೂ ತಳ್ಳಿಹಾಕಬೇಡಿ. ಲೆಪ್‌ನ ಬೀಮ್ ಶಕ್ತಿಯಲ್ಲಿ ಹಗಲು ಕಾಣುತ್ತಿದ್ದ ಗದ್ದಲಕ್ಕೆ ಕಾರಣ ಹತ್ತಿರದ ವಿದ್ಯುತ್ ರೈಲುಗಳು. ಹಳಿಯಿಂದ ಸೋರಿದ ಕರೆಂಟ್ ಭೂಮಿಯ ಮೂಲಕ ಬಂದು ಬೀಮ್ ಪೈಪಿನಲ್ಲಿ ಹರಿಯುತ್ತಿತ್ತು. 1995ರಲ್ಲಿ ಫ್ರೆಂಚ್ ರೈಲು ನೌಕರರು ಮುಷ್ಕರ ಹೂಡಿದಾಗ ಗದ್ದಲವೂ ನಿಂತಿತ್ತು.

ನಿರ್ವಾತ ಮತ್ತು ಇಂಟರ್‌ಲಾಕ್

ಭಾರದ ಅಯಾನುಗಳು ಉಳಿದ ಗಾಳಿಗೆ ತಾಗಿ ಚಾರ್ಜ್ ಬದಲಿಸಿಕೊಂಡು ದಾರಿ ತಪ್ಪುತ್ತವೆ. ಗೇಜ್ ಏರಿದ್ದರೆ ಉಳಿಕೆ ಗ್ಯಾಸ್ ಅನಲೈಸರ್ ನೋಡಿ. ತೂಕ 28 (ನೈಟ್ರೋಜನ್) ಮತ್ತು 32 (ಆಕ್ಸಿಜನ್) ಹತ್ತಿರ ಹತ್ತಿರ ನಾಲ್ಕಕ್ಕೆ ಒಂದರಂತೆ ಇದ್ದು ಜೊತೆಗೆ 40 (ಆರ್ಗಾನ್) ಕಂಡರೆ ಗಾಳಿ ಸೋರುತ್ತಿದೆ. ಹೀಲಿಯಂ ಹಿಡಿದು ಮೇಲಿನ ಜೋಡಣೆಯಿಂದ ಕೆಳಕ್ಕೆ ಹುಡುಕಿ. 18 ಮಾತ್ರ ಎತ್ತರ ಇದ್ದರೆ ಅದು ನೀರಿನ ಆವಿ. ಚೇಂಬರ್ ಇತ್ತೀಚೆಗೆ ತೆರೆದಿದ್ದಾರೆ, ಪಂಪ್‌ಗೆ ಸಮಯ ಕೊಡಿ.

ಇಂಟರ್‌ಲಾಕ್, ಅಂದರೆ ಅಪಾಯ ಕಂಡರೆ ತಾನೇ ಯಂತ್ರ ತಡೆಯುವ ಸುರಕ್ಷಾ ವ್ಯವಸ್ಥೆ, ಬೀಮ್ ನಿಲ್ಲಿಸಿದ್ದರೆ ಅದನ್ನು ಬೈಪಾಸ್ ಮಾಡಿ ನೋಡುವ ಯೋಚನೆ ಬೇಡ, ಒಂದು ನಿಮಿಷಕ್ಕೂ ಬೇಡ. ಬಾಗಿಲ ಸ್ವಿಚ್ಚೋ, ನೀರಿನ ಫ್ಲೋ ಸ್ವಿಚ್ಚೋ, ಮ್ಯಾಗ್ನೆಟ್ ಸುರುಳಿಯ ತಾಪದ ಸ್ವಿಚ್ಚೋ, ಯಾವುದು ಮೊದಲು ಬಿತ್ತು ಎಂದು ದಾಖಲೆಯಲ್ಲಿ ಇರುತ್ತದೆ. ಒಂದು ಬಿದ್ದರೆ ಹತ್ತು ಬೀಳುತ್ತವೆ, ಹಾಗಾಗಿ ಸಮಯದ ಮುದ್ರೆ ನೋಡಿ ಮೊದಲನೆಯದನ್ನು ಹಿಡಿಯಿರಿ.

ಪ್ರಯೋಗದವರಿಗೆ ವಾಪಸ್ ಕೊಡುವ ಮೊದಲು

ಟಾರ್ಗೆಟ್‌ಗಳನ್ನು ಸಾಲಾಗಿ ಹಿಡಿದಿಡುವ ಟಾರ್ಗೆಟ್ ಏಣಿಯಲ್ಲಿ ತೂತಿರುವ ಖಾಲಿ ಚೌಕಟ್ಟು ಇಟ್ಟು ಎರಡು ರೀಡಿಂಗ್ ತೆಗೆದುಕೊಳ್ಳಿ: ತೂತು ದಾಟಿ ಹಿಂದಿನ ಕಪ್‌ಗೆ ಬಂದದ್ದು, ಚೌಕಟ್ಟಿಗೆ ಬಡಿದದ್ದು. ಚೌಕಟ್ಟಿನ ಪಾಲು ಮೊದಲಿಗಿಂತ ಜಾಸ್ತಿ ಇದ್ದರೆ ಕೊನೆಯ ಕ್ವಾಡ್ರುಪೋಲ್ ಜೋಡಿಗೆ ಮತ್ತೆ ಹೋಗಿ, ಇಲ್ಲದಿದ್ದರೆ ಡಿಟೆಕ್ಟರ್‌ನಲ್ಲಿ ಚೌಕಟ್ಟಿನ ಲೋಹವೇ ಕಾಣುತ್ತದೆ. ಸರಿ ಇದ್ದರೆ ಎರಡೂ ಅಂಕಿಯನ್ನು ಚಾರ್ಜ್, ಶಕ್ತಿ, ಫಾಯಿಲ್ ಸಂಖ್ಯೆ ಸಮೇತ ಲಾಗ್ ಬುಕ್ಕಿನಲ್ಲಿ ಬರೆದು, ಹಾಲ್‌ಗೆ ಫೋನ್ ಮಾಡಿ.